ರಾಕ್ಷಸರೂ ಕನ್ನಡ ಮಾತಾಡಲಿ

ಸಂಪಾದಕರಿಗೆ ನಮಸ್ಕಾರ.

ಮಕ್ಕಳ ಸಿನಿಮಾದ ಬಗ್ಗೆ ಬರೆಯುತ್ತಿದ್ದೇನೆ. ರಸ್ತೆ, ಕರೆಂಟು, ಕಾಡಾನೆ, ಕಾಫಿ ರೇಟು ಇವುಗಳ ನಡುವೆ ಇದಕ್ಕೂ ನಿಮ್ಮ ಪುಟದಲ್ಲಿ ಸ್ವಲ್ಪ ಜಾಗ ಕೊಡಿ. ನಮ್ಮ ಮನೆಗಳಲ್ಲಿ ಮಕ್ಕಳು ದಿನಾ ನೋಡುವುದು, ನೋಡಿ ನಗುವುದು, ನೋಡಿ ಮಾತು ಕಲಿಯುವುದು ಇವುಗಳಿಂದಲೇ. ಇದು ಸಣ್ಣ ವಿಷಯ ಅಂತ ನನಗೆ ಅನಿಸುವುದಿಲ್ಲ.

ಮಳೆ ರಜೆ ಕೊಟ್ಟಾಗ ಕೊಡಗಿನ ಮನೆಗಳಲ್ಲಿ ಮಕ್ಕಳು ಏನು ಮಾಡುತ್ತಾರೆ ಅಂತ ನಿಮಗೆ ಗೊತ್ತೇ ಇದೆ. ಹೊರಗೆ ಕಾಲಿಡುವ ಹಾಗಿಲ್ಲ. ಕರೆಂಟು ಇದ್ದರೆ ಟಿವಿ, ಇಲ್ಲದಿದ್ದರೆ ಚಾರ್ಜ್ ಇರುವವರೆಗೆ ಮೊಬೈಲು. ಈ ಸಲದ ಮಳೆ ರಜೆಯಲ್ಲಿ ನಮ್ಮ ಮನೆ ಮಕ್ಕಳು, ಪಕ್ಕದ ಮನೆ ಮಕ್ಕಳು ಎಲ್ಲ ಸೇರಿ ಒಂದು ಅನಿಮೇಷನ್ ಸಿನಿಮಾ ಹಾಕಿಕೊಂಡರು. ಮೋಜಿನ ಪಾರ್ಕ್ ಒಂದರಲ್ಲಿ ರಾಕ್ಷಸರು ಕೆಲಸಕ್ಕಿರುವ ಕಥೆ. ಮನೆಮಂದಿಯೆಲ್ಲ ಒಟ್ಟಿಗೆ ಕೂತು ನಗಲಿ ಅಂತಲೇ ಮಾಡಿದ ಸಿನಿಮಾ. ಭಾಷೆಯ ಪಟ್ಟಿ ತೆರೆದರೆ ಇಂಗ್ಲಿಷ್ ಇತ್ತು, ಹಿಂದಿ ಇತ್ತು, ತಮಿಳು, ತೆಲುಗು ಇತ್ತು. ಕನ್ನಡ ಇರಲಿಲ್ಲ.

ನಾನು ಕೇಳುವುದು ಒಂದೇ. ಇಂಥ ಸಿನಿಮಾಗಳು ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಬರಬೇಕು. ಒಳ್ಳೆಯ ಕನ್ನಡದಲ್ಲಿ, ಬೇರೆ ಭಾಷೆಗಳಲ್ಲಿ ಬರುವ ದಿನವೇ ಬರಬೇಕು.

ರಾಕ್ಷಸರು ಕೆಲಸಕ್ಕೆ ಹೋಗುವ ಕಥೆ ಮಕ್ಕಳಿಗೆ ಯಾಕೆ ಅಷ್ಟು ಹಿಡಿಸುತ್ತದೆ ಅಂತ ಸ್ವಲ್ಪ ಯೋಚನೆ ಮಾಡಿ ನೋಡಿ. ಊಟ ಮಾಡದಿದ್ದರೆ ಗುಮ್ಮ ಬರ್ತಾನೆ ಅಂತ ನಾವೇ ಹೆದರಿಸಿ ಇಟ್ಟಿರುತ್ತೇವೆ. ಆ ಗುಮ್ಮ ಇಲ್ಲಿ ಬೆಳಗ್ಗೆ ಎದ್ದು ಡ್ಯೂಟಿಗೆ ಓಡಬೇಕು. ಅವನಿಗೂ ಮೇಲೊಬ್ಬ ಅಧಿಕಾರಿ ಇದ್ದಾನೆ. ತಡವಾದರೆ ಬೈಸಿಕೊಳ್ಳಬೇಕು, ರಜೆ ಕೇಳಬೇಕಾದರೆ ಮೂರು ಸಲ ಯೋಚಿಸಬೇಕು, ಮನೆಗೆ ಬಂದರೆ ಕಾಲು ನೋವು. ತನ್ನ ಅಪ್ಪ ಅಮ್ಮ ಪಡುವ ಪಾಡನ್ನೇ ಗುಮ್ಮನೂ ಪಡುತ್ತಾನೆ ಅಂತ ಗೊತ್ತಾದ ಮೇಲೆ ಮಗುವಿಗೆ ಅವನ ಮೇಲೆ ಹೆದರಿಕೆ ಎಲ್ಲಿ ಉಳಿಯುತ್ತದೆ? ಪಾಪ ಅನಿಸುತ್ತದೆ, ನಗು ಬರುತ್ತದೆ. ಮೋಜಿನ ಪಾರ್ಕ್ ಆದರೆ ಇನ್ನೂ ಒಂದು ಮಜಾ ಇದೆ. ಅಲ್ಲಿಗೆ ಜನ ಬರುವುದೇ ದುಡ್ಡು ಕೊಟ್ಟು ಹೆದರಿಕೊಳ್ಳಲಿಕ್ಕೆ. ಹೆದರಿಸುವುದೇ ಅವನ ಸಂಬಳದ ಕೆಲಸ.

ಈ ಬಗೆಯ ಕಥೆಗಳಲ್ಲಿ ತುಂಬಾ ಹೆಸರು ಮಾಡಿದ್ದು 2001ರಲ್ಲಿ ಪಿಕ್ಸಾರ್‌ನವರು ತೆಗೆದ ‘ಮಾನ್‌ಸ್ಟರ್ಸ್, ಇಂಕ್’. ಅಲ್ಲಿ ರಾಕ್ಷಸರ ಊರಿಗೆ ಕರೆಂಟು ಬರುವುದು ಮಕ್ಕಳ ಕಿರುಚಾಟದಿಂದ. ರಾತ್ರಿ ಬಾಗಿಲು ತೆರೆದು ಮಕ್ಕಳ ಕೋಣೆಗೆ ನುಗ್ಗಿ, ಹೆದರಿಸಿ, ಕಿರುಚಾಟವನ್ನು ಡಬ್ಬದಲ್ಲಿ ತುಂಬಿಸಿ ತರುವುದು ಅವರ ಪಾಳಿಯ ಕೆಲಸ. ಕೊನೆಗೆ ಕಿರುಚಾಟಕ್ಕಿಂತ ಮಕ್ಕಳ ನಗುವಿನಲ್ಲಿ ಹತ್ತು ಪಟ್ಟು ಜಾಸ್ತಿ ಶಕ್ತಿ ಇದೆ ಅಂತ ಗೊತ್ತಾಗಿ ಕಾರ್ಖಾನೆಯನ್ನೇ ಬದಲಾಯಿಸಿಬಿಡುತ್ತಾರೆ. 2012ರಲ್ಲಿ ‘ಹೋಟೆಲ್ ಟ್ರಾನ್ಸಿಲ್ವೇನಿಯಾ’ ಬಂತು. ಅದರಲ್ಲಿ ಡ್ರಾಕುಲಾ ರಾಕ್ಷಸರಿಗಾಗಿಯೇ ಒಂದು ಹೋಟೆಲ್ ನಡೆಸುತ್ತಾನೆ, ಜೊತೆಗೆ ಬೆಳೆದ ಮಗಳ ಚಿಂತೆ ಬೇರೆ. ನಮ್ಮಲ್ಲಿ ಹೋಂಸ್ಟೇ ನಡೆಸುವ ಮನೆಗಳ ಮಕ್ಕಳಿಗೆ ಈ ಕಥೆ ಎಷ್ಟು ಹತ್ತಿರ ಅಂತ ಹೇಳಬೇಕಾ? ಗೆಸ್ಟ್ ಬರುವ ಮೊದಲು ಮನೆಯಲ್ಲಿ ಆಗುವ ಗಡಿಬಿಡಿ, ಬಂದವರ ಎದುರು ನಗುಮುಖ, ಒಳಗೆ ಅಡುಗೆಮನೆಯಲ್ಲಿ ಅಮ್ಮ ಅಪ್ಪನ ಜಗಳ, ಎಲ್ಲ ಅವರು ಕಣ್ಣಾರೆ ನೋಡಿದ್ದೇ.

ಹೀಗೆ ನಮ್ಮ ಮನೆಯೊಳಗೆ ಬಂದು ಕೂರಬೇಕಾದ ಕಥೆ, ಭಾಷೆಯಿಂದಾಗಿ ಹೊಸ್ತಿಲಲ್ಲೇ ನಿಂತುಬಿಡುತ್ತದೆ.

ಆ ದಿನ ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ನನ್ನ ಅತ್ತೆಗೆ ಸಿನಿಮಾ ಅಂದರೆ ಪ್ರೀತಿ. ಮಕ್ಕಳು ನೋಡುವುದನ್ನೆಲ್ಲ ಪಕ್ಕದಲ್ಲಿ ಕೂತು ನೋಡುತ್ತಾರೆ. ರಾಕ್ಷಸ ಏನೋ ಹೇಳಿದ, ಇಂಗ್ಲಿಷ್ ಶಾಲೆಗೆ ಹೋಗುವ ದೊಡ್ಡ ಮಗಳು ನಕ್ಕಳು. ಅವಳು ನಕ್ಕಿದ್ದು ನೋಡಿ ಚಿಕ್ಕವನೂ ನಕ್ಕ. "ಎಂತ ಹೇಳಿದ ಅವ?" ಅಂತ ಅತ್ತೆ ಕೇಳಿದರು. ಮಗಳು ಸಿನಿಮಾ ನಿಲ್ಲಿಸಿ ವಿವರಿಸಿದಳು. ವಿವರಿಸಿದ ಮೇಲೆ ಅತ್ತೆ "ಹೌದಾ" ಅಂದರು, ಅಷ್ಟೇ. ಮತ್ತೆ ಶುರುವಾಯಿತು, ಮತ್ತೆ ನಗು, ಮತ್ತೆ ಪ್ರಶ್ನೆ. ಸ್ವಲ್ಪ ಹೊತ್ತಿಗೆ ಮಗಳಿಗೆ ಬೇಸರ ಬಂತು, "ಅಜ್ಜಿ, ಸುಮ್ನೆ ನೋಡಿ" ಅಂದಳು. ಅತ್ತೆ ಸುಮ್ಮನೆ ನೋಡಿದರು. ಆಮೇಲೆ ಎದ್ದು ಅಡುಗೆಮನೆಗೆ ಹೋದರು. ಜೋಕನ್ನು ವಿವರಿಸಿದರೆ ಅದರಲ್ಲಿ ನಗು ಎಲ್ಲಿ ಉಳಿಯುತ್ತದೆ ಹೇಳಿ. ಮನೆಮಂದಿಯ ಸಿನಿಮಾ ಅಂತ ಹೆಸರು, ಮನೆಯ ಅರ್ಧ ಮಂದಿ ಹೊರಗೆ.

ಇದೇ ಅತ್ತೆ 2020ರ ಲಾಕ್‌ಡೌನ್‌ನಲ್ಲಿ ಹಿಂದಿಯಿಂದ ಕನ್ನಡಕ್ಕೆ ಡಬ್ ಆಗಿ ಬಂದ ‘ಮಹಾಭಾರತ’ ಧಾರಾವಾಹಿಯನ್ನು ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದ್ದರು. ಆಗ ಪ್ರಶ್ನೆ ಕೇಳುತ್ತಿದ್ದದ್ದು ಮಕ್ಕಳು, ಉತ್ತರ ಹೇಳುತ್ತಿದ್ದದ್ದು ಅಜ್ಜಿ. ಶಕುನಿ ಯಾಕೆ ಕುಂಟುತ್ತಾನೆ, ಘಟೋತ್ಕಚ ಯಾರ ಮಗ, ಎಲ್ಲ ಅವರ ಬಾಯಲ್ಲೇ ಇತ್ತು. ಆಗ ಇಡೀ ಮನೆಯ ಮಾತು ಅದೇ ಆಗಿತ್ತು.

ಇನ್ನು ಶಾಲೆಯ ಮಾತು. ನಾನು ಸರ್ಕಾರಿ ಕನ್ನಡ ಶಾಲೆಯಲ್ಲಿ ಪಾಠ ಮಾಡುವವಳು. ಕೊಡಗಿನ ಹೊರಗಿನವರಿಗೆ ಇದು ಅಷ್ಟಾಗಿ ಗೊತ್ತಿರಲಿಕ್ಕಿಲ್ಲ, ನಮ್ಮ ಒಂದು ತರಗತಿಯಲ್ಲಿ ಎಷ್ಟು ಮನೆಮಾತು ಇರುತ್ತವೆ ಅಂತ. ಒಬ್ಬಳದು ಕೊಡವ ತಕ್ಕ್, ಪಕ್ಕದವನದು ಅರೆಭಾಷೆ. ತುಳು, ಮಲಯಾಳ, ಬ್ಯಾರಿ, ಕೊಂಕಣಿ ಇವೆ. ತೋಟದ ಕೆಲಸಗಾರರು ಇರುವ ಸಾಲು ಮನೆಗಳಿಂದ, ಅಂದರೆ ಲೈನ್ ಮನೆಗಳಿಂದ ಬರುವ ಮಕ್ಕಳಲ್ಲಿ ಯರವ ಭಾಷೆ, ಜೇನು ಕುರುಬರ ಮಾತು, ತಮಿಳು. ಈಚಿನ ವರ್ಷಗಳಲ್ಲಿ ಅಸ್ಸಾಂ ಕಡೆಯಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದಾರೆ. ಇವರೆಲ್ಲ ಸೇರಿ ಆಡುವಾಗ, ಜಗಳ ಮಾಡುವಾಗ, ಒಬ್ಬರ ಬುತ್ತಿಗೆ ಇನ್ನೊಬ್ಬರು ಕೈ ಹಾಕುವಾಗ ಬಳಸುವುದು ಕನ್ನಡವನ್ನು. ಬೇರೆ ಎಷ್ಟೋ ಜಿಲ್ಲೆಗಳಲ್ಲಿ ಕನ್ನಡ ಮನೆಯಿಂದ ಶಾಲೆಗೆ ಬರುತ್ತದೆ. ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಕನ್ನಡ ಸಿಗುವುದೇ ಗೆಳೆಯರಿಂದ, ಟಿವಿಯಿಂದ, ಶಾಲೆಯ ಅಂಗಳದಿಂದ. ಅಂಥ ಮಕ್ಕಳಿಗೆ ನಗಿಸುವ ಕನ್ನಡ ಎಷ್ಟು ಬೇಕು ಅಂತ ನಾನು ದಿನಾ ನೋಡುತ್ತಿದ್ದೇನೆ. ಪಾಠದ ಪುಸ್ತಕದ ಕನ್ನಡ ಓದುತ್ತಾರೆ, ಪರೀಕ್ಷೆಗೆ ಬರೆಯುತ್ತಾರೆ. ಆದರೆ ಸಿಟ್ಟು ಮಾಡಲಿಕ್ಕೆ, ತಮಾಷೆ ಮಾಡಲಿಕ್ಕೆ, ಸುಳ್ಳು ಹೇಳಿ ಸಿಕ್ಕಿಬಿದ್ದಾಗ ಜಾರಿಕೊಳ್ಳಲಿಕ್ಕೆ ಬೇಕಾದ ಮಾತು ಪುಸ್ತಕದಲ್ಲಿ ಇರುವುದಿಲ್ಲ ಅಲ್ವಾ? ಅದು ಕಥೆಯ ಪಾತ್ರಗಳ ಬಾಯಿಂದಲೇ ಬರಬೇಕು.

ರಾಕ್ಷಸ ಕನ್ನಡ ಮಾತಾಡಿದರೆ ಮಕ್ಕಳು ಏನು ಮಾಡುತ್ತಾರೆ ಅನ್ನುವುದಕ್ಕೆ ಕೊಡಗಿನವರು ದೂರ ಹೋಗಬೇಕಾಗಿಲ್ಲ. ಮಡಿಕೇರಿ ದಸರಾ ಇದೆ.

ನವರಾತ್ರಿ ಶುರುವಾಗುವುದು ನಾಲ್ಕು ಶಕ್ತಿದೇವತೆಗಳ ಕರಗದಿಂದ, ಮುಗಿಯುವುದು ವಿಜಯದಶಮಿ ರಾತ್ರಿಯ ದಶಮಂಟಪಗಳ ಮೆರವಣಿಗೆಯಿಂದ. ಹತ್ತು ದೇವಸ್ಥಾನಗಳ ಹತ್ತು ಮಂಟಪ, ಟ್ರ್ಯಾಕ್ಟರ್‌ಗಳ ಮೇಲೆ. ಒಂದೊಂದರಲ್ಲೂ ಒಂದೊಂದು ಪುರಾಣದ ಕಥೆ. ಮಹಿಷಾಸುರ, ಹಿರಣ್ಯಕಶಿಪು, ರಕ್ತಬೀಜ, ಶುಂಭ ನಿಶುಂಭರು ಆಳೆತ್ತರ ಮೀರಿ ಎದ್ದು ನಿಲ್ಲುತ್ತಾರೆ. ಕಣ್ಣು ಹೊರಳಿಸುತ್ತಾರೆ, ಬಾಯಿ ತೆರೆಯುತ್ತಾರೆ, ಗದೆ ಎತ್ತುತ್ತಾರೆ. ಮೊದಲು ಇವನ್ನೆಲ್ಲ ಹಗ್ಗ ಎಳೆದು ಆಡಿಸುತ್ತಿದ್ದರು ಅಂತ ಹಿರಿಯರು ಹೇಳುತ್ತಾರೆ. ಈಗ ಮೋಟಾರು, ಹೈಡ್ರಾಲಿಕ್, ಹೊಗೆ, ಬಣ್ಣಬಣ್ಣದ ಲೈಟು. ಬೆಳಗಾಗುವವರೆಗೂ ಊರು ನಿದ್ದೆ ಮಾಡುವುದಿಲ್ಲ. ಗೋಣಿಕೊಪ್ಪದಲ್ಲೂ ಇದೇ ಸಡಗರ.

ಒಮ್ಮೆ ಮಂಟಪದ ಹಿಂದೆ ಹೋಗಿ ನಿಂತು ನೋಡಿ. ರಾಕ್ಷಸನ ಮುಖ, ಎದೆ ಎಲ್ಲ ಮುಂದಿನಿಂದ ಭಯಂಕರ. ಹಿಂದೆ ಬರೀ ಕಬ್ಬಿಣದ ಚೌಕಟ್ಟು, ವೈರು, ಗ್ರೀಸು. ಆ ಚೌಕಟ್ಟಿನ ಸಂದಿಯಲ್ಲಿ ಒಬ್ಬ ಹುಡುಗ ಮುದುಡಿ ಕೂತಿರುತ್ತಾನೆ. ಮೈಯೆಲ್ಲ ಬೆವರು, ಕೈಯೆಲ್ಲ ಕಪ್ಪು. ಧ್ವನಿವರ್ಧಕದಲ್ಲಿ ಯಾವ ಮಾತು ಬಂದಾಗ ಯಾವ ಲಿವರ್ ಎಳೆಯಬೇಕು ಅಂತ ಅವನಿಗೆ ಬಾಯಿಪಾಠ. ರಾಕ್ಷಸ ಅಟ್ಟಹಾಸ ಮಾಡಿದಾಗ ದವಡೆ ಸರಿಯಾಗಿ ಆಡಬೇಕು, ಒಂದು ಕ್ಷಣ ಹಿಂದೆಮುಂದೆ ಆದರೆ ಜನ ಕೂಗುತ್ತಾರೆ, ತೀರ್ಪುಗಾರರು ಅಂಕ ಕಳೆಯುತ್ತಾರೆ. ವಾರಗಟ್ಟಲೆ ರಾತ್ರಿ ನಿದ್ದೆ ಬಿಟ್ಟು ಶೆಡ್ಡಿನಲ್ಲಿ ಕೆಲಸ ಮಾಡಿದವನು ಅವನು. ರಾಕ್ಷಸರನ್ನು ಕೆಲಸಕ್ಕೆ ಹಚ್ಚುವ ಕಥೆ ಮಡಿಕೇರಿಯವರಿಗೆ ಹೊಸತೇನಲ್ಲ.

ಆ ರಾಕ್ಷಸರು ಮಾತಾಡುವುದು ಕನ್ನಡದಲ್ಲಿ. ದಸರಾ ರಜೆ ಮುಗಿಸಿ ಶಾಲೆಗೆ ಬಂದ ಮಕ್ಕಳನ್ನು ನೋಡಬೇಕು ನೀವು. ಶಾಲೆಯ ಮೆಟ್ಟಿಲೇ ಮಂಟಪ. ಒಬ್ಬ ಮೇಲೆ ನಿಂತು ಸ್ಕೇಲನ್ನು ಗದೆ ಮಾಡಿಕೊಂಡು "ಎಲೈ ಬಾಲಕ, ಎಲ್ಲಿರುವನು ನಿನ್ನ ಹರಿ?" ಅಂತ ಕೂಗುತ್ತಾನೆ. ಇನ್ನೊಬ್ಬ ಕಂಬದ ಹಿಂದಿನಿಂದ ಹೊರಗೆ ಹಾರುತ್ತಾನೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇದ್ದ, ಲೈನ್ ಮನೆಯಿಂದ ಬರುವವನು. ಕೇಳಿದ ಪ್ರಶ್ನೆಗೆ ತಲೆ ತಗ್ಗಿಸಿ ನಿಲ್ಲುತ್ತಿದ್ದ, ಕನ್ನಡದಲ್ಲಿ ಒಂದು ಪೂರ್ತಿ ವಾಕ್ಯ ಅವನ ಬಾಯಿಂದ ಹೊರಡುತ್ತಿರಲಿಲ್ಲ. ಅವನು ಆ ಮೆಟ್ಟಿಲ ಮೇಲೆ ಹಿರಣ್ಯಕಶಿಪು ಆದ. ಅಷ್ಟುದ್ದದ ಮಾತು, ಒಂದು ಅಕ್ಷರ ತಪ್ಪದೆ, ನಡುವೆ ಅಟ್ಟಹಾಸ ಬೇರೆ. ನಾನು ಸ್ಟಾಫ್ ರೂಮಿನ ಕಿಟಕಿಯಿಂದ ನೋಡುತ್ತಾ ನಿಂತುಬಿಟ್ಟೆ. ಗಂಟೆ ಹೊಡೆಯುವುದನ್ನು ಸ್ವಲ್ಪ ತಡ ಮಾಡಿಸಿದೆ. ಅವನಿಗೆ ಆ ಕನ್ನಡ ಕಲಿಸಿದ್ದು ನಾವಲ್ಲ, ಮಂಟಪದ ರಾಕ್ಷಸ.

ಬರೀ ದಸರಾ ಅಲ್ಲ. ಕೊಡಗಿನ ಹಳ್ಳಿಗಳ ಬೋಡ್ ಹಬ್ಬದಲ್ಲಿ ಮೈಗೆ ಕೆಸರು ಮೆತ್ತಿ, ಹುಲ್ಲು ಸುತ್ತಿಕೊಂಡು ಮನೆಮನೆಗೆ ಬರುವ ವೇಷಗಳನ್ನು ಕಂಡು ಹೆದರಿ ಅಮ್ಮನ ಸೆರಗು ಹಿಡಿದ ಮಕ್ಕಳೇ ಮರುಗಳಿಗೆ ಅವರ ಹಿಂದೆ ಓಡುತ್ತಾರೆ. ಘಟ್ಟದ ಕೆಳಗಿನ ಯಕ್ಷಗಾನದ ಬಣ್ಣದ ವೇಷ ಗೊತ್ತಲ್ಲ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚುಟ್ಟಿ ಇಟ್ಟು, ತೆರೆಯ ಹಿಂದಿನಿಂದ ಆರ್ಭಟಿಸುತ್ತಾ ಬರುವ ರಾಕ್ಷಸ. ಅವನು ಅಷ್ಟು ಹೆದರಿಸಿದ ಮೇಲೆ ಹಾಸ್ಯಗಾರನ ಹತ್ತಿರ ಮಾತಿಗೆ ನಿಂತರೆ ಸಭೆಯೇ ನಗುತ್ತದೆ. ಹೆದರಿಕೆಯನ್ನೂ ನಗುವನ್ನೂ ಒಂದೇ ರಾತ್ರಿಯಲ್ಲಿ ಕೊಡುವುದು ನಮ್ಮ ಭಾಷೆಗೆ ಚೆನ್ನಾಗಿ ಬರುತ್ತದೆ. ರಾಕ್ಷಸರ ಹಾಸ್ಯ ಸಿನಿಮಾ ಕನ್ನಡಕ್ಕೆ ಒಗ್ಗುವುದಿಲ್ಲ ಅಂತ ಯಾರಾದರೂ ಹೇಳಿದರೆ ನನಗೆ ಒಪ್ಪಲು ಆಗುವುದಿಲ್ಲ.

ಡಬ್ಬಿಂಗ್ ಅಂದ ಕೂಡಲೇ ಕೆಲವರಿಗೆ ಹಳೆಯ ಗಾಯ ನೆನಪಾಗುತ್ತದೆ. ಅದನ್ನು ನಾನು ಗೌರವದಿಂದಲೇ ನೋಡುತ್ತೇನೆ. 1960ರ ದಶಕದಲ್ಲಿ ಅ.ನ. ಕೃಷ್ಣರಾಯರು, ಮ. ರಾಮಮೂರ್ತಿ, ಡಾ. ರಾಜ್‌ಕುಮಾರ್ ಅವರು ಡಬ್ಬಿಂಗ್ ವಿರುದ್ಧ ನಿಂತಾಗ ಅದಕ್ಕೆ ತಕ್ಕ ಕಾರಣ ಇತ್ತು. ಆಗ ಕನ್ನಡದಲ್ಲಿ ತಯಾರಾಗುತ್ತಿದ್ದ ಸಿನಿಮಾ ಕಡಿಮೆ. ಬೇರೆ ಭಾಷೆಯವು ಕನ್ನಡದ ಮಾತು ಹೊತ್ತು ಬಂದುಬಿಟ್ಟರೆ ನಮ್ಮ ನಟರು, ತಂತ್ರಜ್ಞರು ಎಲ್ಲಿಗೆ ಹೋಗಬೇಕಿತ್ತು? ಅವರು ನಿಂತಿದ್ದರಿಂದಲೇ ಕನ್ನಡ ಚಿತ್ರರಂಗ ಬೆಳೆಯಿತು. ಆದರೆ ಆ ವಿರೋಧ ಎಷ್ಟು ದೂರ ಹೋಯಿತೆಂದರೆ 2012ರಲ್ಲಿ ‘ಸತ್ಯಮೇವ ಜಯತೆ’ಯಂಥ ಟಿವಿ ಕಾರ್ಯಕ್ರಮವೂ ಕನ್ನಡದಲ್ಲಿ ಬರಲಿಲ್ಲ, ತಮಿಳು, ತೆಲುಗು, ಮಲಯಾಳದಲ್ಲಿ ಬಂತು. ಕನ್ನಡ ಗ್ರಾಹಕರ ಕೂಟದವರು ದೂರು ಕೊಟ್ಟು, 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆಯುವುದು ತಪ್ಪು ಅಂತ ತೀರ್ಪು ಕೊಟ್ಟಿತು. 2017ರಿಂದ ಡಬ್ ಆದ ಸಿನಿಮಾಗಳು ಥಿಯೇಟರ್‌ಗೂ ಬಂದವು. ಅಲ್ಲಿಗೆ ಜಗಳ ಮುಗಿದಿರಬೇಕಿತ್ತು.

ಮತ್ತೆ, ಅನಿಮೇಷನ್ ವಿಷಯವೇ ಬೇರೆ. ಅಲ್ಲಿ ಪರದೆಯ ಮೇಲೆ ಯಾವ ನಟನ ಮುಖವೂ ಇಲ್ಲ. ಇಂಗ್ಲಿಷಿನಲ್ಲೂ ಮೊದಲು ಸ್ಟುಡಿಯೋದಲ್ಲಿ ಮಾತು ಮುದ್ರಿಸಿ, ಆ ಮಾತಿಗೆ ತಕ್ಕ ಹಾಗೆ ಬಾಯಿ, ಹುಬ್ಬು, ಕೈ ಆಡಿಸುತ್ತಾರೆ. ಸೆಕೆಂಡಿಗೆ 24 ಚಿತ್ರ. ಒಂದೂವರೆ ಗಂಟೆಯ ಸಿನಿಮಾಕ್ಕೆ 1,29,600 ಚಿತ್ರ. ಪಿಕ್ಸಾರ್‌ನ ಆ ಸಿನಿಮಾದಲ್ಲಿ ಸಲ್ಲಿ ಎಂಬ ನೀಲಿ ರಾಕ್ಷಸನ ಮೈಮೇಲೆ 23 ಲಕ್ಷಕ್ಕೂ ಜಾಸ್ತಿ ಕೂದಲು ಕೂರಿಸಿದ್ದರು. ಅಷ್ಟು ಕಷ್ಟಪಟ್ಟು ಮಾಡಿದ ರಾಕ್ಷಸನಿಗೂ ಜೀವ ಬಂದದ್ದು ದನಿಯಿಂದ. ಅದರಲ್ಲಿ ಬೂ ಅಂತ ಒಂದು ಪುಟ್ಟ ಹುಡುಗಿ ಇದ್ದಾಳೆ. ಅವಳಿಗೆ ದನಿ ಕೊಟ್ಟ ಮಗುವೂ ತುಂಬಾ ಚಿಕ್ಕದು. ಮೈಕಿನ ಮುಂದೆ ಕೂತು ಹೇಳಿದ ಮಾತು ಹೇಳುವ ವಯಸ್ಸಲ್ಲ. ಹಾಗಾಗಿ ಮೈಕು ಹಿಡಿದುಕೊಂಡು ಆ ಮಗುವಿನ ಹಿಂದೆ ಹಿಂದೆ ಹೋಗಿ, ಅದು ಆಡುವಾಗ ಆಡಿದ್ದನ್ನು, ನಕ್ಕದ್ದನ್ನು, ಗೊಣಗಿದ್ದನ್ನು ಮುದ್ರಿಸಿಕೊಂಡರಂತೆ. ಇದನ್ನು ಓದಿದಾಗ ನನಗೆ ಅನಿಸಿತು, ನಮ್ಮ ಅಂಗನವಾಡಿಯ ಒಂದು ಮಗುವಿನ ಹಿಂದೆಯೂ ಹೀಗೆ ಮೈಕು ಹಿಡಿದು ಹೋಗಬಹುದಲ್ಲ? ಬೂ ಕನ್ನಡದಲ್ಲಿ ಗೊಣಗಿದರೆ ಯಾವ ನಟನ ಅನ್ನ ಹೋಗುತ್ತದೆ? ಯಾರದ್ದೂ ಹೋಗುವುದಿಲ್ಲ. ಹತ್ತಾರು ಜನರಿಗೆ ಹೊಸ ಕೆಲಸ ಸಿಗುತ್ತದೆ.

ಈಗ ಬಾಗಿಲು ತೆರೆದಿದೆ, ಆದರೆ ಮಕ್ಕಳ ಪಾಲಿಗೆ ಅರ್ಧ ಮಾತ್ರ. ಟಿವಿಯ ಕೆಲವು ಕಾರ್ಟೂನ್ ಚಾನೆಲ್‌ಗಳಲ್ಲಿ ಕನ್ನಡದ ದನಿ ಸಿಗುತ್ತದೆ. ಚಿಂಟು ಟಿವಿ 2009ರಿಂದಲೇ ಇದೆ, ನಮ್ಮ ಊರಿನ ಎಷ್ಟೋ ಮಕ್ಕಳು ಅದನ್ನು ನೋಡಿಕೊಂಡೇ ದೊಡ್ಡವರಾದರು. 2023ರಲ್ಲಿ ಬಂದ ಸ್ಪೈಡರ್‌ಮ್ಯಾನ್ ಅನಿಮೇಷನ್ ಸಿನಿಮಾ ಇಂಗ್ಲಿಷ್ ಜೊತೆಗೆ 9 ಭಾರತೀಯ ಭಾಷೆಗಳಲ್ಲಿ ಬಿಡುಗಡೆಯಾಯಿತು, ಅದರಲ್ಲಿ ಕನ್ನಡವೂ ಇತ್ತು. 2025ರ ಜುಲೈಯಲ್ಲಿ ‘ಮಹಾವತಾರ್ ನರಸಿಂಹ’ ಬಂತು. ಅಶ್ವಿನ್ ಕುಮಾರ್ ನಿರ್ದೇಶನ, ಅರ್ಪಿಸಿದವರು ನಮ್ಮ ಬೆಂಗಳೂರಿನ ಹೊಂಬಾಳೆಯವರು. ದೊಡ್ಡ ತಾರೆಯರು ಯಾರೂ ಇಲ್ಲದ ಅನಿಮೇಷನ್ ಸಿನಿಮಾಕ್ಕೆ ದೇಶದ ತುಂಬಾ ಜನ ಮುಗಿಬಿದ್ದರು. ಕನ್ನಡದಲ್ಲೂ ಇತ್ತು. ಹಿರಣ್ಯಕಶಿಪುವಿನ ದನಿ ಕೇಳಿ ನಮ್ಮ ಮಕ್ಕಳು ಹೌಹಾರಿ ಕೂತಿದ್ದರು. ಅಜ್ಜ ಅಜ್ಜಿಯರನ್ನು ಕರೆದುಕೊಂಡು ಹೋದ ಮನೆಗಳು ಎಷ್ಟೋ. ಮಂಟಪದಲ್ಲಿ ನೋಡಿದ ಕಥೆಯೇ ಪರದೆಯ ಮೇಲೆ ಬಂದಂತೆ ಅಂತ ನಮ್ಮ ಊರಿನವರು ಮಾತಾಡಿಕೊಂಡರು.

ಇನ್ನೊಂದು ಕಡೆ ನೋಡಿ. 2019ರಲ್ಲಿ ‘ದಿ ಲಯನ್ ಕಿಂಗ್’ ಇಂಡಿಯಾದಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. 2024ರಲ್ಲಿ ‘ಮುಫಾಸಾ’ ಬಂದಾಗಲೂ ಅದೇ ನಾಲ್ಕು ಭಾಷೆ. ನಡುವೆ ಐದು ವರ್ಷ ಕಳೆದಿತ್ತು. ಹೊಡೆದಾಟದ ದೊಡ್ಡ ಸಿನಿಮಾಕ್ಕೆ, ಪುರಾಣದ ಕಥೆಗೆ ಕನ್ನಡ ಸಿಗುತ್ತದೆ. ಮಕ್ಕಳು, ಅಪ್ಪ ಅಮ್ಮ, ಅಜ್ಜಿ ಒಟ್ಟಿಗೆ ಕೂತು ನಗುವ ಸಿನಿಮಾಕ್ಕೆ ಬಂದಾಗ ಮಾತ್ರ ಕನ್ನಡ ಬಿಟ್ಟುಹೋಗುತ್ತದೆ. ನಗುವಿಗೇ ಅಲ್ವಾ ಭಾಷೆ ಎಲ್ಲಕ್ಕಿಂತ ಜಾಸ್ತಿ ಬೇಕಾಗಿರುವುದು? ಹೊಡೆದಾಟ ಯಾವ ಭಾಷೆಯಲ್ಲಿದ್ದರೂ ಗೊತ್ತಾಗುತ್ತದೆ.

ಕನ್ನಡದವರು ಕೇಳುವುದೇ ಇಲ್ಲ, ಹೇಗೂ ನಾಲ್ಕು ಭಾಷೆ ಬರುತ್ತದೆ, ಯಾವುದರಲ್ಲಿ ಕೊಟ್ಟರೂ ನೋಡುತ್ತಾರೆ ಅಂತ ಕಂಪನಿಗಳು ಅಂದುಕೊಂಡಿರಬೇಕು. ಇದರಲ್ಲಿ ನಮ್ಮ ಪಾಲೂ ಇದೆ. ಕನ್ನಡದ ದನಿ ಇರುವ ಕಾರ್ಯಕ್ರಮದಲ್ಲೂ ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳು ಹಿಂದಿಯಲ್ಲಿ ನೋಡುತ್ತಿರುತ್ತಾರೆ, ಯಾಕೆಂದರೆ ಹಾಕಿದ ಕೂಡಲೇ ಅದೇ ಬರುತ್ತದೆ, ಬದಲಾಯಿಸಲು ಯಾರೂ ಹೋಗುವುದಿಲ್ಲ. ನಮ್ಮ ಶಾಲೆಯ ಮಕ್ಕಳಿಗೆ ಮೋಟು ಪತ್ಲು ಹಿಂದಿಯಲ್ಲೇ ಬಾಯಿಪಾಠ. ರಿಮೋಟಿನಲ್ಲಿ ಒಂದು ಗುಂಡಿ ಒತ್ತಿದರೆ ಅದೇ ಕಾರ್ಟೂನು ಕನ್ನಡಕ್ಕೆ ತಿರುಗುತ್ತದೆ ಅಂತ ಪೋಷಕರ ಸಭೆಯಲ್ಲಿ ಹೇಳಿದಾಗ ಹಲವರು ಆಶ್ಚರ್ಯಪಟ್ಟರು. ಯಾರು ಯಾವ ಭಾಷೆಯಲ್ಲಿ ನೋಡುತ್ತಾರೆ ಅನ್ನುವ ಲೆಕ್ಕ ಮೊಬೈಲ್ ಆ್ಯಪ್‌ನವರಿಗೆ ಸಿಗುತ್ತದೆ. ಇರುವ ಕಡೆ ನಾವು ಕನ್ನಡ ಆರಿಸದಿದ್ದರೆ ಇಲ್ಲದ ಕಡೆ ಕೊಡಿ ಅಂತ ಕೇಳಿದಾಗ ಅವರು ಯಾಕೆ ಕಿವಿಗೊಡಬೇಕು?

ಇಂಗ್ಲಿಷಿನಲ್ಲೇ ನೋಡಲಿ ಬಿಡಿ ಟೀಚರ್, ಅದರಿಂದ ಇಂಗ್ಲಿಷ್ ಆದರೂ ಬರುತ್ತದೆ ಅಂತ ಹೇಳುವ ತಂದೆತಾಯಿ ಇದ್ದಾರೆ. ಅವರ ಆಸೆ ನನಗೆ ಅರ್ಥವಾಗುತ್ತದೆ, ನನ್ನ ಮಗಳನ್ನೂ ನಾನು ಇಂಗ್ಲಿಷ್ ಶಾಲೆಗೇ ಕಳಿಸುತ್ತಿದ್ದೇನೆ. ಇಂಗ್ಲಿಷ್ ದನಿ ತೆಗೆಯಿರಿ ಅಂತ ನಾನು ಹೇಳುತ್ತಿಲ್ಲ. ಅದು ಇರಲಿ, ಪಕ್ಕದಲ್ಲಿ ಕನ್ನಡವೂ ಇರಲಿ. ಮೊದಲು ಕನ್ನಡದಲ್ಲಿ ನೋಡಿ ಕಥೆ ತಿಳಿದ ಮಗು ಎರಡನೇ ಸಲ ಇಂಗ್ಲಿಷಿನಲ್ಲಿ ನೋಡಿದರೆ ಇಂಗ್ಲಿಷ್ ಇನ್ನೂ ಚೆನ್ನಾಗಿ ಹತ್ತುತ್ತದೆ. ಮಕ್ಕಳು ಒಂದೇ ಸಿನಿಮಾವನ್ನು ಎಷ್ಟು ಸಲ ಬೇಕಾದರೂ ನೋಡುತ್ತಾರೆ ಅನ್ನುವುದು ಎಲ್ಲ ಮನೆಯವರಿಗೂ ಗೊತ್ತು. ಇನ್ನು ಕೊಡವ ತಕ್ಕ್, ಅರೆಭಾಷೆಯಲ್ಲೂ ಬೇಡವಾ ಅಂತ ಕೇಳುವವರಿಗೆ, ಖಂಡಿತ ಬೇಕು. ಎರಡಕ್ಕೂ ಅಕಾಡೆಮಿಗಳಿವೆ. ಐದು ನಿಮಿಷದ ಕಾರ್ಟೂನು ಮಾಡಿಸಿದರೂ ನಮ್ಮ ಮನೆಯ ಅರೆಭಾಷೆಯ ಮಕ್ಕಳು ಕುಣಿದಾಡುತ್ತಾರೆ.

ಡಬ್ಬಿಂಗ್ ಹೇಗಿರಬೇಕು ಅನ್ನುವುದರ ಬಗ್ಗೆಯೂ ಹೇಳಲೇಬೇಕು. ಬರೀ ಕನ್ನಡ ಇದೆ ಅಂತ ತೋರಿಸಲು ಮಾಡಿದ ಡಬ್ಬಿಂಗ್ ಬೇಡ. ಎಲ್ಲ ಪಾತ್ರಕ್ಕೂ ಇಬ್ಬರೇ ದನಿ ಕೊಟ್ಟು, ಸುದ್ದಿ ಓದಿದ ಹಾಗೆ ಓದಿಬಿಟ್ಟರೆ ಮಕ್ಕಳು ಎರಡು ನಿಮಿಷಕ್ಕೆ ಚಾನೆಲ್ ಬದಲಾಯಿಸುತ್ತಾರೆ. ಮಕ್ಕಳ ಕಿವಿ ತುಂಬಾ ಚುರುಕು. ಮಾತು ಬರೆಯುವ ಕೆಲಸವನ್ನು ಮಕ್ಕಳ ನಾಟಕ ಮಾಡಿಸಿ ಗೊತ್ತಿರುವವರಿಗೆ ಕೊಡಿ. ದನಿಗೆ ರಂಗಭೂಮಿಯವರು ಇದ್ದಾರೆ, ಮಿಮಿಕ್ರಿಯವರು ಇದ್ದಾರೆ, ತಾಳಮದ್ದಳೆಯಲ್ಲಿ ರಾತ್ರಿಯಿಡೀ ಮಾತಿಗೆ ಮಾತು ಕೊಡುವ ಅರ್ಥಧಾರಿಗಳು ಇದ್ದಾರೆ. ಮೋಜಿನ ಪಾರ್ಕಿನ ಮೇಲಧಿಕಾರಿ ಬೆಂಗಳೂರಿನ ಕನ್ನಡ ಮಾತಾಡಲಿ, ಟಿಕೆಟ್ ಹರಿಯುವ ಮುದಿ ಭೂತ ಧಾರವಾಡದ ಕಡೆಯದ್ದಾಗಲಿ, ತೊಟ್ಟಿಲು ತಿರುಗಿಸುವ ದೊಡ್ಡ ರಾಕ್ಷಸ ಮಂಡ್ಯದವನಾಗಲಿ, ಒಬ್ಬನಾದರೂ ನಮ್ಮ ಕೊಡಗಿನ ಕನ್ನಡದಲ್ಲಿ "ಎಂತ ಮಾರಾಯ" ಅನ್ನಲಿ. ಆಗ ನಮ್ಮ ಅತ್ತೆ ಎದ್ದು ಅಡುಗೆಮನೆಗೆ ಹೋಗುವುದಿಲ್ಲ.

ಕುಶಾಲನಗರದ ಗಣಪತಿ ಜಾತ್ರೆಗೆ ಹೋದಾಗ ಮಕ್ಕಳು ಜಾಯಿಂಟ್ ವೀಲ್ ನಡೆಸುವವರನ್ನು ಬಾಯಿ ಬಿಟ್ಟು ನೋಡುತ್ತಾರೆ. ಒಬ್ಬ ಜನರನ್ನು ಕೂರಿಸುತ್ತಾನೆ, ಒಬ್ಬ ಕೊಂಡಿ ಹಾಕುತ್ತಾನೆ, ಒಬ್ಬ ಇಂಜಿನ್ ಹತ್ತಿರ. ಊರೂರು ಸುತ್ತುವವರು, ಟೆಂಟಿನ ಹಿಂದೆಯೇ ಅವರ ಅಡುಗೆ, ಮಕ್ಕಳ ತೊಟ್ಟಿಲು, ಒಗೆದ ಬಟ್ಟೆ. ಮೋಜಿನ ಪಾರ್ಕಿನ ರಾಕ್ಷಸರ ಕಥೆಯನ್ನು ಕನ್ನಡದಲ್ಲಿ ಕೇಳಿದ ಮಗು ಆ ಟೆಂಟಿನ ಕಡೆಗೂ ಒಮ್ಮೆ ತಿರುಗಿ ನೋಡುತ್ತದೆ. ಬೇರೆಯವರಿಗೆ ಮೋಜು ಕೊಡುವುದು ಯಾರದ್ದೋ ದುಡಿಮೆ ಅಂತ ಅದಕ್ಕೆ ಗೊತ್ತಾಗುತ್ತದೆ. ಇಂಥ ಸಿನಿಮಾಗಳ ಬಗ್ಗೆ ನನಗೆ ಇಷ್ಟು ಪ್ರೀತಿ ಇರುವುದು ಇದಕ್ಕೇ.

ಈಗ ನನ್ನ ಕೋರಿಕೆಗಳು. ಸಿನಿಮಾ ಆ್ಯಪ್ ನಡೆಸುವವರು ಹಿಂದಿ, ತಮಿಳು, ತೆಲುಗಿನ ಜೊತೆ ಕನ್ನಡವನ್ನೂ ಸೇರಿಸಲಿ. ಹೊಸತು ಮಾತ್ರ ಅಲ್ಲ, ಹೆಸರಾದ ಹಳೆಯ ಸಿನಿಮಾಗಳಿಗೂ ಸೇರಿಸಲಿ, ಮಕ್ಕಳಿಗೆ ಹಳತು ಹೊಸತು ಅಂತ ಇಲ್ಲ. ಥಿಯೇಟರಿನವರು ದಸರಾ ರಜೆಯಲ್ಲಿ, ಬೇಸಿಗೆ ರಜೆಯಲ್ಲಿ ಬೆಳಗಿನ ಒಂದು ಆಟವನ್ನಾದರೂ ಕನ್ನಡದ ಅನಿಮೇಷನ್‌ಗೆ ಇಡಲಿ. ಕೊಡಗಿನವರು ಒಳ್ಳೆಯ ಸಿನಿಮಾ ನೋಡಬೇಕಾದರೆ ಮೈಸೂರಿಗೆ ಇಳಿಯಬೇಕು. ಅಷ್ಟು ದೂರ ಹೋಗಿ ಅಲ್ಲಿ ಕನ್ನಡದ ಆಟವೇ ಇಲ್ಲ, ಇದ್ದರೂ ರಾತ್ರಿ ಹತ್ತಕ್ಕೆ ಅಂದರೆ ಮಕ್ಕಳನ್ನು ಕಟ್ಟಿಕೊಂಡು ಹೇಗೆ ಹೋಗುವುದು? ಪೋಷಕರು ಕನ್ನಡ ಇರುವ ಕಡೆ ಕನ್ನಡವನ್ನೇ ಹಾಕಿಕೊಡಲಿ, ಇಲ್ಲದ ಕಡೆ ಕೇಳಿ ಬರೆಯಲಿ. ಎರಡು ಸಾಲು ಬರೆದರೂ ಸಾಕು.

ಕೊನೆಯದು ನಮ್ಮ ಮಡಿಕೇರಿ ದಸರಾ ಸಮಿತಿಗೆ. ಪ್ರತಿ ವರ್ಷ ಗಾಂಧಿ ಮೈದಾನದಲ್ಲಿ ಮಕ್ಕಳ ದಸರಾ ಚೆನ್ನಾಗಿ ಮಾಡುತ್ತೀರಿ. ಮಕ್ಕಳ ಸಂತೆ, ಛದ್ಮವೇಷ, ಮಕ್ಕಳೇ ರಟ್ಟು, ಬಣ್ಣದ ಕಾಗದ ಅಂಟಿಸಿ ಮಾಡುವ ಪುಟ್ಟ ಮಂಟಪಗಳು ಎಲ್ಲ ಇರುತ್ತವೆ. ಆ ಪುಟ್ಟ ಮಂಟಪದ ಹಿಂದೆ ಕೂತು ಮಕ್ಕಳು ರಾಕ್ಷಸನಿಗೆ ತಾವೇ ದನಿ ಕೊಡುತ್ತಾರೆ. ಅದೇ ದಿನ ಸಂಜೆ ವೇದಿಕೆಯಲ್ಲಿ ದೊಡ್ಡ ಪರದೆ ಕಟ್ಟಿ, ಅನುಮತಿ ಪಡೆದು, ಕನ್ನಡದಲ್ಲಿ ಸಿಗುವ ಒಂದು ಒಳ್ಳೆಯ ಅನಿಮೇಷನ್ ಸಿನಿಮಾ ತೋರಿಸಿ. ಲೈನ್ ಮನೆಗಳ ಮಕ್ಕಳನ್ನು ಕರೆತರಲು ಒಂದು ಬಸ್ಸಿನ ವ್ಯವಸ್ಥೆ ಮಾಡಿ. ಸಾಧ್ಯವಾದರೆ ಐದು ನಿಮಿಷದ ಒಂದು ತುಣುಕಿನ ದನಿ ತೆಗೆದು, ಮಕ್ಕಳೇ ಕನ್ನಡದಲ್ಲಿ ಮಾತು ಕೊಡುವ ಸ್ಪರ್ಧೆಯನ್ನೂ ಇಡಿ. ನಮ್ಮ ಶಾಲೆಯಿಂದ ಮಕ್ಕಳನ್ನು ತಯಾರು ಮಾಡಿ ಕರೆತರುವ ಜವಾಬ್ದಾರಿ ನನ್ನದು.

ಇತಿ,
ಒಬ್ಬ ಶಿಕ್ಷಕಿ,
ಮಡಿಕೇರಿ ತಾಲ್ಲೂಕು, ಕೊಡಗು